ದೊಡ್ಡವರಿಗೂ ಆಕ್ಯುಪೇಷನಲ್ ಥೆರಪಿ ಬೇಕಾ? ಎಂಟು ವಾರ ಹೋಗಿ ಬಂದ ಮೇಲೆ

ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು 34ನೇ ವಯಸ್ಸಿನಲ್ಲಿ. ಆದರೆ ಕೈಯಿಂದ ವಸ್ತು ಜಾರುವುದು, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು ಚಿಕ್ಕಂದಿನಿಂದಲೂ ಇದೆ. ಈ ವರ್ಷದ ಶುರುವಿನಲ್ಲಿ ಅಕ್ಕನ ಲ್ಯಾಪ್‌ಟಾಪ್ ಮೇಲೆ ಒಂದು ಲೋಟ ನೀರು ಪೂರ್ತಿ ಚೆಲ್ಲಿಬಿಟ್ಟೆ. "ಬೇಕಂತ ಮಾಡಿದ್ದಲ್ಲ ಅಕ್ಕಾ, ನನ್ನ ಮೆದುಳೇ ಹಾಗೆ" ಅಂದೆ. "ಗೊತ್ತು ಕಣೇ. ಆದ್ರೆ ಹಾಳಾಗಿದ್ದು ನನ್ನ ಲ್ಯಾಪ್‌ಟಾಪ್ ಅಲ್ವಾ?" ಅಂದಳು. ಆ ವಾರವೇ ಆಕ್ಯುಪೇಷನಲ್ ಥೆರಪಿಗೆ, ಅಂದರೆ ದಿನನಿತ್ಯದ ಕೆಲಸಗಳನ್ನು ಸಲೀಸಾಗಿ ಮಾಡಲು ಕಲಿಸುವ ಚಿಕಿತ್ಸೆಗೆ, ಹೆಸರು ಬರೆಸಿದೆ.

ವಾರಕ್ಕೊಂದು ಸಲ, 45 ನಿಮಿಷ. ಮೊದಲ ದಿನ ಥೆರಪಿಸ್ಟ್ ನನ್ನ ಕಣ್ಣು ಮುಚ್ಚಿಸಿ, ಬಲಗೈಯನ್ನು ಎತ್ತಿ ಒಂದು ಕಡೆ ಹಿಡಿದರು. ಎಡಗೈಯನ್ನೂ ಅದೇ ಎತ್ತರಕ್ಕೆ ತನ್ನಿ ಅಂದರು. ಹಾಗೇ ಎತ್ತಿದೆ, ಸರಿಯಾಗಿದೆ ಅಂತಲೇ ಅನ್ನಿಸಿತು. ಕಣ್ಣು ಬಿಟ್ಟು ನೋಡಿದರೆ ಎಡಗೈ ಒಂದು ಗೇಣು ಕೆಳಗಿತ್ತು. ಕೈಕಾಲು ಎಲ್ಲಿದೆ ಅಂತ ನೋಡದೆಯೇ ತಿಳಿಯಲು ಸ್ನಾಯು, ಕೀಲುಗಳಿಂದ ಮೆದುಳಿಗೆ ಸದಾ ಸುದ್ದಿ ಹೋಗುತ್ತಿರಬೇಕು. ಇದಕ್ಕೆ ಪ್ರೊಪ್ರಿಯೋಸೆಪ್ಷನ್ ಅಂತಾರೆ. ಆಟಿಸಂ ಇರುವ ಕೆಲವರಲ್ಲಿ ಈ ಸುದ್ದಿ ಅಷ್ಟು ಸ್ಪಷ್ಟವಾಗಿ ಸಿಗದೇ ಇರಬಹುದು. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದಾಗಲೇ ಕೆಲವು ಮಕ್ಕಳ ನಡಿಗೆ ತಡವರಿಸುತ್ತದೆ ಅಂತ ಗುರುತಿಸಿದ್ದರು. ಹಾಗಿದ್ದರೂ ಆಟಿಸಂ ಗುರುತಿಸುವ ಮುಖ್ಯ ಲಕ್ಷಣಗಳಲ್ಲಿ ಇದು ಸೇರಿಲ್ಲ. ನನ್ನ ತಪಾಸಣೆಯಲ್ಲಿ ಮಾತು, ಒಡನಾಟ, ಶಬ್ದದ ಕಿರಿಕಿರಿ ಎಲ್ಲ ಕೇಳಿದರು, ಕೈಕಾಲಿನ ವಿಷಯ ಯಾರೂ ಕೇಳಲಿಲ್ಲ.

ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಒಂದು ಸರಳ ಕ್ರಮ: ಏನು ಸಾಧಿಸಬೇಕು, ಹೇಗೆ, ಮಾಡಿ ನೋಡು, ಆಮೇಲೆ ಸರಿಹೋಯಿತಾ ಅಂತ ಪರೀಕ್ಷಿಸು. ಕೆನಡಾದಲ್ಲಿ ರೂಪುಗೊಂಡ ಕೋ-ಆಪ್ ಅನ್ನುವ ವಿಧಾನ ಇದು. ನಾವು ಹಿಡಿದಿದ್ದು ಲೋಟ ಇಡುವ ಕೆಲಸವನ್ನೇ. ಹತ್ತು ಸಲ ಇಟ್ಟೆ, ಅವರು ಪಕ್ಕದಲ್ಲಿ ನಿಂತು ನೋಡಿದರು. ಲೋಟ ಮೇಜು ಮುಟ್ಟುವ ಮೊದಲೇ ನನ್ನ ಕಣ್ಣು ಬೇರೆ ಕಡೆ ಹೋಗಿರುತ್ತಿತ್ತು. ತಳದ ಅರ್ಧ ಅಂಚಿನಾಚೆ, ಬೆರಳು ಆಗಲೇ ಸಡಿಲ. ಇಷ್ಟು ವರ್ಷ ಇದನ್ನು ನಾನು ಗಮನಿಸಿರಲೇ ಇಲ್ಲ! ಈಗ ಬೆರಳು ಬಿಡುವ ತನಕ ಲೋಟವನ್ನೇ ನೋಡುತ್ತೇನೆ. ಅಗಲ ತಳದ, ಮುಚ್ಚಳ ಇರುವ ಮಗ್ ತಂದಿದ್ದೇನೆ. ಕಂಪ್ಯೂಟರ್ ಇರುವ ಮೇಜಿನ ಮೇಲೆ ನೀರು ಇಡುವುದೇ ಇಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಮೊದಲು ಏನಾದರೂ ಬಿದ್ದರೆ ಹತ್ತು ಸಲ ಸಾರಿ ಕೇಳಿ ಅಳುತ್ತಿದ್ದೆ. ಅಕ್ಕ ನನ್ನನ್ನು ಸಮಾಧಾನ ಮಾಡುತ್ತಾ ನೆಲವನ್ನೂ ತಾನೇ ಒರೆಸುತ್ತಿದ್ದಳು. ಥೆರಪಿಸ್ಟ್ ಇದನ್ನು ಕೇಳಿ, "ಸಾರಿ ಒಂದೇ ಸಲ ಹೇಳಿ, ಆಮೇಲೆ ಬಟ್ಟೆ ತಗೊಳ್ಳಿ" ಅಂದರು. ಗದರಲಿಲ್ಲ, ಮೆತ್ತಗೆ ಹೇಳಿದರು. ಹಳೇ ಸಾರಿಗಳೆಲ್ಲ ನನ್ನ ಸಂಕಟ ಇಳಿಸಿಕೊಳ್ಳೋಕೆ ಇದ್ದವು ಅಂತ ಅವತ್ತು ಅರ್ಥವಾಯಿತು. ನನ್ನ ಕೈ ಜಾರುತ್ತೆ ಅಂತ ಗೊತ್ತಾದ ಮೇಲೆ, ಜಾರುವ ಮುಂಚೆಯೇ ಮಾಡಬೇಕಾದ ಕೆಲಸ ನನ್ನದು.

ಕೊರತೆಗಳೂ ಇವೆ. ಕಾಯುವ ಕೋಣೆಯಲ್ಲಿ ಟಿವಿ ಜೋರು, ಟ್ಯೂಬ್‌ಲೈಟ್ ಮಿಣುಕುತ್ತಿತ್ತು. ಒಳಗೆ ಹೋಗುವಷ್ಟರಲ್ಲೇ ಸುಸ್ತಾಗುತ್ತಿದ್ದೆ. ಆಟಿಸಂ ಇರುವವರೇ ಬರುವ ಜಾಗದಲ್ಲಿ ಇದು ಸರಿಯಲ್ಲ. ಮೂರನೇ ವಾರ ಬಾಯಿಬಿಟ್ಟು ಹೇಳಿದ ಮೇಲೆ ಒಳಗಿನ ಕೋಣೆಯಲ್ಲಿ ಕೂರಿಸಿದರು. ಮನೆಕೆಲಸಕ್ಕೆ ಕೊಟ್ಟ ಹಾಳೆಗಳ ತುಂಬಾ ಚಿಕ್ಕ ಮಕ್ಕಳ ಚಿತ್ರ. ಬ್ಯಾಲೆನ್ಸ್ ಬೋರ್ಡ್ ಅನ್ನುವ ಅಲ್ಲಾಡುವ ಹಲಗೆಯ ಮೇಲೆ ಎರಡು ವಾರ ನಿಲ್ಲಿಸಿದರು. ಬೋರ್ಡ್ ಮೇಲೆ ಚೆನ್ನಾಗಿ ನಿಲ್ಲಲು ಬಂತು ಅಷ್ಟೇ, ಬಾಗಿಲ ಚೌಕಟ್ಟು ಈಗಲೂ ತಾಗುತ್ತದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹೋಗುವವರು ಒಂದು ವಾರ ಏನೇನು ಬಿತ್ತು, ಎಲ್ಲಿ, ಆಗ ಕಣ್ಣು ಎಲ್ಲಿತ್ತು ಅಂತ ಬರೆದುಕೊಂಡು ಹೋಗಿ. ದೊಡ್ಡವರ ಜೊತೆ ಕೆಲಸ ಮಾಡಿದ ಅನುಭವ ಇದೆಯಾ ಅಂತ ಫೋನಿನಲ್ಲೇ ಕೇಳಿಬಿಡಿ. ಲ್ಯಾಪ್‌ಟಾಪ್ ರಿಪೇರಿಯ ದುಡ್ಡನ್ನು ಕಂತಿನಲ್ಲಿ ಕೊಡುತ್ತಿದ್ದೇನೆ, ಇನ್ನು ಎರಡು ಕಂತು ಬಾಕಿ ಇದೆ.