ಮಿನಿ ಟ್ರ್ಯಾಕ್ಟರ್ ಒಯ್ಯುವುದು: ಓಡಿಸಬೇಕೋ, ಜಗ್ಗಬೇಕೋ, ಹೇರಬೇಕೋ?

ನಮ್ಮ ದಾಳಿಂಬೆ ತೋಟ ಕೊಪ್ಪಳ ಜಿಲ್ಲೆಯ ಕುಷ್ಟಗಿ ಹತ್ತಿರದ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿದೆ. ಹತ್ತಿ, ತೊಗರಿ ಹಾಕುವ ಎರೆ (ಕಪ್ಪು ಮಣ್ಣಿನ) ಹೊಲ ತಾವರಗೇರಾ ಕಡೆ. ನಡುವೆ 18 ಕಿ.ಮೀ. ದಾರಿ. ಎರಡಕ್ಕೂ ಸೇರಿ ಇರುವುದು ಒಂದೇ ಟ್ರ್ಯಾಕ್ಟರ್, 24 ಎಚ್‌ಪಿಯ ಕುಬೋಟಾ ನಿಯೋಸ್ಟಾರ್. ದಾಳಿಂಬೆ ಸಾಲಿನಲ್ಲಿ ಔಷಧಿ ಹೊಡೆಯಲು, ಹತ್ತಿಯಲ್ಲಿ ಎಡೆ ಹೊಡೆಯಲು ಇಷ್ಟು ಸಣ್ಣದೇ ಬೇಕು. ಮನೆಯಲ್ಲಿ ಬೊಲೆರೊ ಪಿಕಪ್ಪೂ ಇದೆ, 1.7 ಟನ್ ಹೇರುವಂಥದ್ದು. ಪಿಕಪ್ ಹೇಗೂ ಆ ಕಡೆ ಹೋಗುತ್ತದೆ, ಟ್ರ್ಯಾಕ್ಟರನ್ನು ಅದರ ಹಿಂದೆ ಕಟ್ಟಿಕೊಂಡು ಹೋದರಾಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ನಾನು ಎಲ್ಲ ಬಗೆಯಲ್ಲೂ ಒಯ್ದು ನೋಡಿದ್ದೇನೆ.

ಮೊದಲು ಓಡಿಸಿಕೊಂಡು ಹೋಗುವುದು. ಇದರಲ್ಲಿ ತಲೆನೋವು ಕಡಿಮೆ. ಆದರೆ ನಮ್ಮ ಈ ಮಿನಿ ಟ್ರ್ಯಾಕ್ಟರಿನ ಟಾಪ್ ಗೇರಿನ ಓಟ ಗಂಟೆಗೆ 20 ಕಿ.ಮೀ. ಒಳಗೇ. 18 ಕಿ.ಮೀ.ಗೆ ಹೆಚ್ಚುಕಡಿಮೆ ಒಂದು ತಾಸು. ಲಾರಿಗಳು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹಾಯುತ್ತವೆ. ಹೊಲಕ್ಕೆಂದೇ ಮಾಡಿದ ಎತ್ತರದ ಗುಬುಟಿನ ಟೈರು ಡಾಂಬರಿನ ಮೇಲೆ, ಅದೂ ಬೇಸಿಗೆಯಲ್ಲಿ, ಬೇಗ ಸವೆಯುತ್ತದೆ. ಡೀಸೆಲ್ ಉಳಿಯುತ್ತದೆ ಅಂತ ಪಿಕಪ್ ಕಡೆ ಹೋಗುವವರಿಗೆ ಒಂದು ಮಾತು: ಡೀಸೆಲ್‌ನಲ್ಲಿ ಅಂಥ ಫರಕು ಕಾಣುವುದಿಲ್ಲ. ಹೇರಿಕೊಂಡು ಹೋದರೆ ಉಳಿಯುವುದು ಟೈರು ಮತ್ತು ಸಮಯ. ಐದಾರು ಕಿ.ಮೀ. ಒಳಗಿನ ದಾರಿಯಾದರೆ ನಾನು ಈಗಲೂ ಓಡಿಸಿಕೊಂಡೇ ಹೋಗುತ್ತೇನೆ.

ಹಗ್ಗ ಅಥವಾ ಸರಪಳಿ ಕಟ್ಟಿ ಜಗ್ಗುವುದು ಎರಡನೆಯದು. ಟ್ರ್ಯಾಕ್ಟರಿನ ತೂಕ 630 ಕೆಜಿ. ಪಿಕಪ್‌ಗೆ ಇದನ್ನು ಜಗ್ಗುವುದು ಏನೂ ಅಲ್ಲ. ತೊಂದರೆ ಇರುವುದು ಇಳಿಜಾರಿನಲ್ಲಿ. ಪಿಕಪ್ ಬ್ರೇಕ್ ಹಿಡಿದ ಕೂಡಲೇ ಹಗ್ಗ ಸಡಿಲ. ಹಿಂದಿನದು ಬಂದು ಪಿಕಪ್‌ನ ಹಿಂಬಾಗಿಲಿಗೆ ಗುದ್ದಬಾರದೆಂದರೆ ಟ್ರ್ಯಾಕ್ಟರ್ ಮೇಲೆ ಕೂತವನೇ ಬ್ರೇಕ್ ಒತ್ತಬೇಕು. ಅದಕ್ಕೂ ಮೊದಲು ಎಡ ಬಲ ಎರಡೂ ಬ್ರೇಕ್ ಪೆಡಲನ್ನು ಪಟ್ಟಿ ಹಾಕಿ ಜೋಡಿಸಿರಬೇಕು. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಪಕ್ಕಕ್ಕೆ ಎಳೆಯುತ್ತದೆ. ಮತ್ತೆ ಹೊರಡುವಾಗ ಸಡಿಲ ಹಗ್ಗ ಒಮ್ಮೆಲೇ ಬಿಗಿಯಾಗಿ ಜಟಕಾ ಹೊಡೆಯುತ್ತದೆ. ಅದೆಲ್ಲ ಟ್ರ್ಯಾಕ್ಟರಿನ ಮುಂದಿನ ಬಂಪರಿನ ಬೋಲ್ಟಿನ ಮೇಲೆ. ಸರಪಳಿಯಲ್ಲಿ ಇದು ಇನ್ನೂ ಜಾಸ್ತಿ, ಹಗ್ಗವಾದರೂ ತುಸು ಹಿಗ್ಗುತ್ತದೆ.

ಬಾರ್ ಹಾಕಿ ಜಗ್ಗುವುದು ಇದಕ್ಕಿಂತ ಎಷ್ಟೋ ವಾಸಿ. ವೆಲ್ಡಿಂಗ್ ಅಂಗಡಿಯಲ್ಲಿ ಪೈಪಿನಿಂದ ತ್ರಿಕೋನದ ಹಾಗೆ ಮಾಡಿಸಿ, ಎರಡು ತುದಿ ಟ್ರ್ಯಾಕ್ಟರಿನ ಮುಂಭಾಗಕ್ಕೆ, ಒಂದು ತುದಿ ಪಿಕಪ್‌ನ ಹಿಂದಿನ ಕೊಂಡಿಗೆ ಪಿನ್ನು ಹಾಕಿ ಕೂರಿಸಿದೆ. ಗುದ್ದುವ ಭಯ ಹೋಯಿತು, ಜಟಕಾ ಹೋಯಿತು. ಹಾಗಂತ ಟ್ರ್ಯಾಕ್ಟರ್ ತಾನೇ ಪಿಕಪ್ ಹಿಂದೆ ತಿರುಗುತ್ತದೆ ಅಂದುಕೊಳ್ಳಬೇಡಿ. ಇಂಜಿನ್ ಬಂದ್ ಇದ್ದರೆ ಪವರ್ ಸ್ಟೇರಿಂಗ್ ಕಲ್ಲಿನಂತೆ ಗಟ್ಟಿ. ಮೊದಲ ತಿರುವಿನಲ್ಲೇ ನನ್ನ ಅಳಿಯ ಹಿಂದಿನಿಂದ "ಮಾಮಾ, ಸ್ಟೇರಿಂಗ್ ತಿರುಗವಲ್ದು!" ಅಂತ ಕೂಗಿದ. ಆಮೇಲೆ ಇಂಜಿನ್ ಚಾಲೂ ಇಟ್ಟೇ ಜಗ್ಗಿದೆವು. ಇಂಜಿನ್ ಚಾಲೂ, ಮೇಲೆ ಒಬ್ಬ ಮನುಷ್ಯ. ಅಷ್ಟಾದ ಮೇಲೆ ಅವನೇ ಓಡಿಸಿಕೊಂಡು ಬರಬಹುದಲ್ಲ!

ವೇಗವಾದರೂ ಸಿಗುತ್ತದಾ ಅಂದರೆ ಅದೂ ಇಲ್ಲ. ಜಗ್ಗುವಾಗ ಗಂಟೆಗೆ 10 ಕಿ.ಮೀ. ಮೀರಬೇಡಿ ಅಂತ ಅನೇಕ ಟ್ರ್ಯಾಕ್ಟರ್‌ಗಳ ಕೈಪಿಡಿಯಲ್ಲಿ ಬರೆದಿರುತ್ತದೆ. ಹಿಂದಿನ ಚಕ್ರ ತಿರುಗಿದರೆ ಒಳಗಿನ ಗೇರುಗಳೂ ತಿರುಗುತ್ತವೆ. ನ್ಯೂಟ್ರಲ್‌ನಲ್ಲಿದ್ದರೂ ಅಷ್ಟೇ. ಇಂಜಿನ್ ನಿಂತಿದ್ದರೆ ಎಲ್ಲ ಗೇರಿಗೂ ಎಣ್ಣೆ ಸರಿಯಾಗಿ ತಲುಪುವುದಿಲ್ಲ. ಮುಖ್ಯ ಗೇರು, ಹೈ-ಲೋ ಗೇರು, ಪಿಟಿಒ (ಹಿಂದೆ ಕಟ್ಟಿದ ಯಂತ್ರ ತಿರುಗಿಸುವ ದಂಡ) ಮೂರನ್ನೂ ನ್ಯೂಟ್ರಲ್‌ಗೆ ತರಬೇಕು. ಫೋರ್ ವೀಲ್ ಲಿವರ್ ಬಿಡಿಸಬೇಕು.

ಇನ್ನು ಕಾನೂನು. ಮೋಟಾರು ವಾಹನ ನಿಯಮದ ಪ್ರಕಾರ ರಸ್ತೆಯಲ್ಲಿ ಕಟ್ಟಿಕೊಂಡು ಜಗ್ಗಬಹುದಾದದ್ದು ಕೆಟ್ಟು ನಿಂತ ಗಾಡಿಯನ್ನು, ಇಲ್ಲವೇ ನೋಂದಣಿಯಾದ ಟ್ರೇಲರನ್ನು. ಚೆನ್ನಾಗಿ ಓಡುವ ಟ್ರ್ಯಾಕ್ಟರನ್ನು ಸುಮ್ನೆ ಅನುಕೂಲಕ್ಕೆ ಅಂತ ಜಗ್ಗುವ ಹಾಗಿಲ್ಲ. ಕೆಟ್ಟದ್ದನ್ನು ಜಗ್ಗುವಾಗಲೂ ಎರಡು ಗಾಡಿಗಳ ನಡುವೆ 5 ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು. ಹಿಂದಿನದರ ಮೇಲೆ ಕೂತವನ ಹತ್ತಿರ ಲೈಸೆನ್ಸ್ ಇರಬೇಕು. ನಮ್ಮ ಬಾರ್ ಈಗ ಶೆಡ್ಡಿನಲ್ಲಿದೆ. ಟ್ರ್ಯಾಕ್ಟರ್ ಹೊಲದಲ್ಲೇ ಕೆಟ್ಟು ನಿಂತರೆ ಮಾತ್ರ ಅದಕ್ಕೆ ಕೆಲಸ. ಆಗಲೂ ಪಿಕಪ್ ಖಾಲಿ ಇದ್ದರೆ ಹಿಂದಿನ ಚಕ್ರ ಗರಸಿನಲ್ಲಿ (ಸಣ್ಣ ಕಲ್ಲು ಬೆರೆತ ಮಣ್ಣಿನಲ್ಲಿ) ಸುಮ್ಮನೆ ತಿರುಗುತ್ತದೆ. ಬಾಡಿಯಲ್ಲಿ ನಾಲ್ಕಾರು ಡಿಎಪಿ ಗೊಬ್ಬರದ ಚೀಲ ಹಾಕಿಕೊಂಡರೆ ಹಿಡಿತ ಬರುತ್ತದೆ. ಮಳೆ ಬಿದ್ದ ಎರೆ ಹೊಲದಲ್ಲಾದರೆ ಚೀಲ ಹಾಕಿದರೂ ಉಪಯೋಗವಿಲ್ಲ. ಒಣಗುವವರೆಗೆ ಕಾಯಬೇಕು, ಇಲ್ಲವೇ ದೊಡ್ಡ ಟ್ರ್ಯಾಕ್ಟರ್ ಕರೆಸಬೇಕು.

ಉಳಿದದ್ದು ಹೇರಿಕೊಂಡು ಹೋಗುವುದು. ದೂರದ ದಾರಿಗೆ ನನ್ನ ಓಟು ಇದಕ್ಕೇ. ಟ್ರ್ಯಾಕ್ಟರಿನ ಉದ್ದ ಎಂಟು ಅಡಿಯ ಆಸುಪಾಸು, ಪಿಕಪ್ ಬಾಡಿ ಒಂಬತ್ತು ಅಡಿ. ಹಿಂದೆ ಕಟ್ಟುವ, ಮಣ್ಣು ಪುಡಿ ಮಾಡುವ ರೋಟಾವೇಟರ್ ಬಿಚ್ಚಿದರೆ ಆರಾಮಾಗಿ ಕೂರುತ್ತದೆ. ತೂಕದ ಚಿಂತೆ ಇಲ್ಲವೇ ಇಲ್ಲ. ಕಷ್ಟ ಎಲ್ಲ ಇರುವುದು ಹತ್ತಿಸುವುದರಲ್ಲಿ.

ಬಾಡಿ ಮೂರು ಅಡಿ ಹತ್ತಿರ ಎತ್ತರ. ಎಂಟು ಅಡಿಯ ಹಲಗೆ ಇಟ್ಟರೆ ಏರು ಕಡಿದಾಗುತ್ತದೆ. ಮುಂದಕ್ಕೆ ಓಡಿಸಿ ಹತ್ತಿಸಿದರೆ ಮುಂಗಾಲಿ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು. ಹಿಂದೆ ರೋಟಾವೇಟರ್ ತೂಗುತ್ತಿದ್ದರಂತೂ ಕೇಳಲೇಬೇಡಿ. ಅದಕ್ಕೇ ರಿವರ್ಸ್‌ನಲ್ಲಿ, ಲೋ ಗೇರಿನಲ್ಲಿ ಹತ್ತಿಸುವುದು. ಇಳಿಸುವಾಗ ಮುಂದಕ್ಕೆ. ನಡುವೆ ಕ್ಲಚ್ ಮುಟ್ಟಬಾರದು. ರಿವರ್ಸ್‌ನಲ್ಲಿ ಹತ್ತಿಸಿದರೆ ಇನ್ನೊಂದು ಲಾಭ. ಭಾರದ ಹಿಂಗಾಲಿಗಳು ಕ್ಯಾಬಿನ್ ಕಡೆ ಕೂರುತ್ತವೆ, ಪಿಕಪ್‌ನ ಮೂತಿ ಹಗುರಾಗುವುದಿಲ್ಲ.

ಹಲಗೆಗಿಂತ ನನಗೆ ಹಿಡಿಸಿದ್ದು ಮಣ್ಣಿನ ದಿಬ್ಬ. ತೋಟದಲ್ಲಿ ಕೃಷಿ ಹೊಂಡ ತೋಡಿದ ಮಣ್ಣಿನ ಏರಿ ಇತ್ತು. ಅದರ ಒಂದು ಪಕ್ಕ ಕಡಿದು ನೆಟ್ಟಗೆ ಮಾಡಿ, ಕಲ್ಲು ಕಟ್ಟಿಸಿದೆ. ಪಿಕಪ್ ಹಿಂದಕ್ಕೆ ತಂದು ತಾಗಿಸಿ ಡೋರು ಇಳಿಸಿದರೆ ದಿಬ್ಬಕ್ಕೂ ಬಾಡಿಗೂ ಒಂದೇ ಮಟ್ಟ. ಆ ಕಡೆ ಎರೆ ಹೊಲದಲ್ಲೂ ಬದುವಿನ ಪಕ್ಕ ಇಂಥದ್ದೇ ಒಂದು ಮಾಡಿದ್ದೇವೆ. ಎರೆ ಮಣ್ಣು ಮಳೆಗೆ ಕುಸಿಯುತ್ತದೆ, ಗರಸು ಹಾಕಿ ತುಳಿಸಬೇಕು.

ಕಟ್ಟುವುದರಲ್ಲಿ ಜಿಪುಣತನ ಬೇಡ. ನಾಲ್ಕು ಮೂಲೆಗೆ ನಾಲ್ಕು ರಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿಯುವ ಪಟ್ಟಿ). ಮಡ್‌ಗಾರ್ಡಿಗಲ್ಲ, ಆಕ್ಸಲ್ಲಿಗೆ ಮತ್ತು ಮುಂದಿನ ಗಟ್ಟಿ ಕಬ್ಬಿಣಕ್ಕೆ. ಮೊದಲ ಗೇರು, ಹ್ಯಾಂಡ್‌ಬ್ರೇಕ್, ಗಾಲಿಗೆ ಕಟ್ಟಿಗೆಯ ಅಡ್ಡೆ. ಗಾಳಿ ತುಂಬಿದ ಟೈರು ದಾರಿಯಲ್ಲಿ ಕುಣಿದು ಬೆಲ್ಟ್ ಸಡಿಲಾಗುತ್ತದೆ, ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಭಾರ ಎತ್ತರದಲ್ಲಿರುವುದರಿಂದ ತಿರುವಿನಲ್ಲಿ ಗಾಡಿ ವಾಲುತ್ತದೆ. ಅಲ್ಲಿ ನಿಧಾನ.

11 ಎಚ್‌ಪಿಯ ಸ್ವರಾಜ್ ಕೋಡ್ ಇದ್ದವರಿಗೆ ಇದೆಲ್ಲ ಇನ್ನೂ ಸಲೀಸು, ಅದರ ತೂಕ 455 ಕೆಜಿ ಅಷ್ಟೇ. 45 ಎಚ್‌ಪಿಯ ದೊಡ್ಡ ಟ್ರ್ಯಾಕ್ಟರ್ ಇದ್ದವರು ಪಿಕಪ್‌ನ ಆಸೆ ಬಿಡಬೇಕು. ಅವು ಎರಡು ಟನ್ ಹತ್ತಿರ ತೂಗುತ್ತವೆ. ಅವನ್ನು ಓಡಿಸಿಕೊಂಡೇ ಹೋಗಬೇಕು, ಇಲ್ಲವೇ ಲಾರಿ ಹಿಡಿಯಬೇಕು.