ವಾಕರ್ ತರೋ ಮುಂಚೆ ಕಾಯಿಲೆ ಯಾವುದು ಅಂತ ಹೇಳಿ

ಅಪ್ಪಾಜಿಗೆ 76 ವರ್ಷ, ಪಾರ್ಕಿನ್ಸನ್ (ಕೈಕಾಲು ನಡುಗಿ, ಓಡಾಟ ನಿಧಾನವಾಗೋ ಮೆದುಳಿನ ಕಾಯಿಲೆ) ಅಂತ ಗೊತ್ತಾಗಿ ಆರು ವರ್ಷ. ನಮ್ಮದು ಆಲೂರಿನ ಕಡೆ ಹಳ್ಳಿ. ಎರಡು ಸಲ ಬಚ್ಚಲ ಬಾಗಿಲಲ್ಲಿ ಬಿದ್ದ ಮೇಲೆ ಹಾಸನದ ಒಂದು ಸರ್ಜಿಕಲ್ ಅಂಗಡಿಯಿಂದ 1,400 ರೂಪಾಯಿಗೆ ಅಲ್ಯೂಮಿನಿಯಂ ವಾಕರ್ ತಂದೆ. ಮಡಚಿಡಬಹುದು, ನಾಲ್ಕೂ ಕಾಲಿಗೆ ರಬ್ಬರ್ ಬುಶ್. ಯಾರಿಗೆ, ಏನು ಕಾಯಿಲೆ ಅಂತ ಅಂಗಡಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಎಲ್ಲರೂ ಇದನ್ನೇ ತಗೊಂಡು ಹೋಗೋದು ಸಾರ್" ಅಂದರು.

ಮಾಲು ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದನ್ನು ಎತ್ತಬೇಕು, ಮುಂದಿಡಬೇಕು, ಆಮೇಲೆ ಹೆಜ್ಜೆ ಹಾಕಬೇಕು, ಮತ್ತೆ ಎತ್ತಬೇಕು. ಪಾರ್ಕಿನ್ಸನ್ ಇರುವ ಎಷ್ಟೋ ಜನರಿಗೆ ನಡೆಯೋದಕ್ಕಿಂತ ನಡಿಗೆ ಶುರು ಮಾಡೋದೇ ಕಷ್ಟ, ಹಾಗಿರುವಾಗ ಪ್ರತಿ ಹೆಜ್ಜೆಗೂ ನಿಂತು ಹೊಸದಾಗಿ ಶುರು ಮಾಡು ಅಂದರೆ ಹೇಗೆ? ಹೊಸ್ತಿಲ ಹತ್ತಿರ, ತಿರುಗುವ ಜಾಗದಲ್ಲಿ ಅಪ್ಪಾಜಿ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿದ್ದವು. ನಾವು ಹಿಂದೆ ನಿಂತು "ಬನ್ನಿ, ಬನ್ನಿ" ಅಂದಷ್ಟೂ ಜಾಸ್ತಿ.

ಫಿಸಿಯೋಥೆರಪಿ ಮಾಡುವವರು ನೋಡಿದ ತಕ್ಷಣ ಮುಂದಿನ ಎರಡು ಕಾಲಿಗೆ ಚಕ್ರ ಇರುವುದನ್ನು ತನ್ನಿ ಅಂದರು. ಅಂಗಡಿಯವರು ಹಳೆಯದನ್ನು ವಾಪಸ್ ತಗೊಳ್ಳಲಿಲ್ಲ, ಹೊಸದಕ್ಕೆ ಮತ್ತೆ 2,100. ಇದನ್ನು ಎತ್ತಬೇಕಾಗಿಲ್ಲ, ಸುಮ್ನೆ ತಳ್ಳಿಕೊಂಡು ಹೋಗಬಹುದು. ಮಾತ್ರೆ ತಗೊಂಡು ಒಂದು ಗಂಟೆ ಆದ ಮೇಲಂತೂ ನಡುಮನೆಯಿಂದ ಜಗಲಿವರೆಗೆ ಒಬ್ಬರೇ ಬರುತ್ತಾರೆ. ಹಾಗಂತ ಎಲ್ಲ ಸರಿ ಇಲ್ಲ. ಚಕ್ರ ಚಿಕ್ಕದು, ನಮ್ಮ ಹಳೇ ಮನೆಯ ಎತ್ತರದ ಹೊಸ್ತಿಲಿಗೆ ತಗಲಿ ನಿಲ್ಲುತ್ತದೆ, ಅಲ್ಲಿ ಯಾರಾದರೂ ಹಿಡಿದು ದಾಟಿಸಲೇಬೇಕು. ಅಂಗಳದ ಜಲ್ಲಿ ಮೇಲೆ ಆಗೋದೇ ಇಲ್ಲ. ಮುಂದಕ್ಕೆ ವಾಲಿಕೊಂಡು ದಡದಡ ಅಂತ ನಡೆಯುವವರಿಗೆ ಚಕ್ರ ಓಡಿಹೋಗುವ ಭಯವೂ ಇದೆ, ಅಂಥವರಿಗೆ ಫಿಸಿಯೋದವರನ್ನು ಕೇಳದೆ ತರಬೇಡಿ.

ಎತ್ತರ ಅಂಗಡಿಯಲ್ಲೇ ಸರಿ ಮಾಡಿಸಿಕೊಳ್ಳಿ, ಆದರೆ ಅಳತೆಗೆ ನಡೆಯುವವರೇ ಬೇಕಲ್ವಾ! ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ನಾನು ಅಂದಾಜಿನಲ್ಲಿ ಇಟ್ಟು ಒಂದು ವಾರ ಅಪ್ಪಾಜಿಯನ್ನು ಗೂನು ಬೆನ್ನಲ್ಲಿ ನಡೆಸಿದೆ.

ಫಿಸಿಯೋದವರು ಹೇಳಿದ ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ. ಬಚ್ಚಲ ದಾರಿಯ ಕೆಂಪು ಗಾರೆ ನೆಲಕ್ಕೆ ಹೆಜ್ಜೆಗೊಂದರಂತೆ ಬಿಳಿ ಟೇಪ್ ಅಡ್ಡಡ್ಡ ಅಂಟಿಸಿದೆವು. ಅಮ್ಮ "ಇದೇನು, ಕುಂಟೆಬಿಲ್ಲೆ ಆಡೋಕಾ?" ಅಂದರು. ಅಂಟಿ ನಿಂತ ಕಾಲು ಆ ಗೆರೆ ನೋಡಿದರೆ ದಾಟುತ್ತದೆ.

ಹಳೇ ವಾಕರ್ ದಂಡ ಆಗಲಿಲ್ಲ. ಮಂಡಿ ನೋವಿನ ದೊಡ್ಡಮ್ಮನಿಗೆ ಕೊಟ್ಟೆ, ಅವರು ಅದನ್ನು ಹಿಡಿದು ಹಿತ್ತಿಲಲ್ಲಿ ಕರಿಬೇವು ಕೀಳುತ್ತಿದ್ದಾರೆ.