ಮನೆಯ ದೂರವಾಣಿ: ಸಂಖ್ಯೆ ನೋಡಿ ಎತ್ತುವುದೇ, ನೇರವಾಗಿ ಎತ್ತುವುದೇ?

ಕಾಲರ್ ಐಡಿ ಇರುವ ಉಪಕರಣದಲ್ಲಿ 08272 ಕಂಡರೆ ಮಡಿಕೇರಿ ಕಡೆಯ, 08274 ಕಂಡರೆ ವಿರಾಜಪೇಟೆ ಕಡೆಯ ಸ್ಥಿರ ದೂರವಾಣಿಯೆಂದೂ, 140ರಿಂದ ಆರಂಭವಾದರೆ ಮಾರಾಟದ ಕರೆಯೆಂದೂ ಎತ್ತುವ ಮೊದಲೇ ತಿಳಿಯಬಹುದು. ಆದರೆ ಪರದೆಯಲ್ಲಿ ಮೂಡುವುದು ಸಂಖ್ಯೆಯೇ ಹೊರತು ಮಾತನಾಡುವ ವ್ಯಕ್ತಿಯ ಗುರುತಲ್ಲ. ವಂಚಕರು ಆ ಸಂಖ್ಯೆಯನ್ನೂ ನಕಲಿಯಾಗಿ ತೋರಿಸಬಲ್ಲರು.

ನೇರವಾಗಿ ಎತ್ತಿದರೆ ಬೇಡದ ಕರೆಗಳಿಗೂ ಸಮಯ ಹೋಗುತ್ತದೆ. ಆದರೂ ತೋಟದ ಮನೆಗಳು ದೂರದೂರವಿರುವ, ಮಳೆಗಾಲದಲ್ಲಿ ಕರೆಂಟು ಹೋಗಿ ಮೊಬೈಲ್ ಸಿಗ್ನಲ್ಲೂ ಕೈಕೊಡುವ ಕೊಡಗಿನಲ್ಲಿ, 2018ರ ಆಗಸ್ಟ್‌ನ ಭೂಕುಸಿತದಂಥ ದಿನಗಳಲ್ಲಿ ಸಂಕಷ್ಟಕ್ಕೆ ಸಿಲುಕಿದ ಬಂಧು ಯಾರದೋ ಫೋನಿನಿಂದ, ನಮಗೆ ಗೊತ್ತಿಲ್ಲದ ಸಂಖ್ಯೆಯಿಂದಲೇ ಕರೆಯಬೇಕಾಗಬಹುದು. ಆದ್ದರಿಂದ ಮಳೆಗಾಲದಲ್ಲಿ ಪ್ರತಿ ಕರೆಯನ್ನೂ ಎತ್ತುವುದೇ ಲೇಸೆಂಬುದು ನನ್ನ ದೃಢ ಅಭಿಪ್ರಾಯ. ಯಾರೇ ಆಗಲಿ ಒಟಿಪಿ ಕೇಳಿದೊಡನೆ ಇಟ್ಟುಬಿಡಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ನೀಡಿ.